ಹನ್ನೊಂದು ಕೆಜಿ

ಮುನಿರಾಬಾದಿನ್ಯಾಗ ಮೌಲಾಹುಸೇನನ ಅಂಗಡಿ ಮುಂದ
ಎರಡು ಡ್ರಮ್ಮು, ಎರಡು ಎಂಜಿನ್ನು.
ಒಂದು ಹಳೇದು, ಮಲ್ಪೆ ಕಡಿಂದ ಲಾರಿ ಹತ್ತಿ ಬಂದದ್ದು,
ಉಪ್ಪು ತಿಂದ ಮೈ, ಟೂ-ಸ್ಟ್ರೋಕು.
ಇನ್ನೊಂದು ಪ್ಲಾಸ್ಟಿಕ್ ಹಾಳಿ ಸುಲಿಯದ ಹೊಸದು, ಫೋರ್-ಸ್ಟ್ರೋಕು.
ಎರಡಕ್ಕೂ ಎಂಟೆಂಟು ಕುದುರಿ ಬಲ ಅಂತ.
ನಮ್ಮ ದಂಡಿಗೆ ಇಲ್ಲೀತನ ಒಂದು ಕತ್ತೆಯೂ ಬಂದಿದ್ದಿಲ್ಲ.

ಹಗ್ಗ ಜಗ್ಗಿದ ಕೂಡಲೆ ಹಳೇದು
ಸಿಟ್ಟಿಗೆದ್ದ ಬೀಗರಂಗ ಒದರಿತು.
ಹೊಗಿಗೆ ಚಾದ ಅಂಗಡಿ ಹುಡುಗ ಕೆಮ್ಮಿದ.
ಹೊಸದು ಹತ್ತಿದ್ದೇ ತಿಳೀಲಿಲ್ಲ.
ಡ್ರಮ್ಮಿಗೆ ಕೈ ಇಟ್ಟು ನೋಡಿದೆ,
ಬೆಕ್ಕಿನ ಹೊಟ್ಟಿಯಂಗ ಗುರುಗುಡುತಿತ್ತು.

ನನ್ನ ಗಂಡ ಹೊನ್ನೂರಪ್ಪ ಹೊಸದರ ಕಡಿ:
ಎಣ್ಣಿ ಕಲಸೂದಿಲ್ಲ, ಪೆಟ್ರೋಲು ಉಳೀತೈತಿ,
ಕಟ್ಲಾದ ಮೈಗೆ ಹೊಗಿ ವಾಸನಿ ಹತ್ತೂದಿಲ್ಲ.
ಮೈದುನ ಗ್ಯಾನಪ್ಪ ಹಳೇದರ ಕಡಿ:
ಕೆಟ್ಟರ ಒಂದು ಪಾನಾ, ಒಂದು ಪ್ಲಗ್ಗು,
ಲೂನಾ ಬಿಚ್ಚಿದವ ಇದನ್ನೂ ಬಿಚ್ಚತಾನ.
ಮೂರು ದಿನದಿಂದ ಇದೇ ಮಾತು,
ರೊಟ್ಟಿ ಬಡಿಯೂ ಮುಂದ, ಬಲಿ ಹೆಣಿಯೂ ಮುಂದ.
ಸಂಘದ ಸಾಲಕ್ಕ ರುಜು ಹಾಕಾಕಿ ನಾನು.
ನನ್ನ ಯಾರೂ ಕೇಳಲಿಲ್ಲ, ಅದಕ್ಕ ನಾನೇ ಕೇಳಿದೆ:
ಇವುಗಳ ಹೊಟ್ಟ್ಯಾಗ ಏನಾಗ್ತೈತಿ, ಮೌಲಾಣ್ಣ?

ಅವ ಗ್ರೀಸು ಒರೆಸಿ ಮುಷ್ಟಿ ಆಡಿಸಿದ.
ಇದು ಮ್ಯಾಲೊಮ್ಮೆ ಕೆಳಗೊಮ್ಮೆ, ಸುತ್ತಿಗೊಂದು ಬೆಂಕಿ.
ಅದು ಉಸಿರು ಎಳೀತೈತಿ, ಅಮುಕತೈತಿ, ಉರೀತೈತಿ, ಬಿಡ್ತೈತಿ.
ನಾಲ್ಕು ಸಲ ಸರಿದಾಡಿ ಒಂದು ಸಲ ದುಡಿತ.
ಅಂದರ ಮೂರು ಪಾಲು ಸುಧಾರಿಸಿಕೊಳ್ಳೂದು!
ಅಂಥಾದ್ದಕ್ಕೇ ರೊಕ್ಕ ಜಾಸ್ತಿ.
ನಾನು ಯಾವ ಜಾತಿ ಎಂಜಿನ್ನು ಅಂತ ಕೇಳಲಿಲ್ಲ,
ನಕ್ಕು, ತೂಕ ಕೇಳಿದೆ.

ಹಳೇದು ಇಪ್ಪತ್ತೇಳು. ಹೊಸದು ಮೂವತ್ತೆಂಟು.
ಅಣ್ಣತಮ್ಮ ಇಬ್ಬರೂ ನೆಲ ನೋಡಿದರು.

ದಸರಾಕ್ಕ ಹಿನ್ನೀರು ನಮ್ಮ ಹಿತ್ತಲ ಕಲ್ಲಿಗೆ ಬರ್ತೈತಿ,
ದೋಣಿ ಬಾಗಲಿಗೇ ಕಟ್ಟಬಹುದು.
ಯುಗಾದಿ ಆದ ಮ್ಯಾಲ ನೀರು ದಿನಾ ಹತ್ತು ಹೆಜ್ಜಿ ಹಿಂದಕ್ಕ,
ಬೆನ್ನ ಹಿಂದ ನಾವು.
ಮೇ ತಿಂಗಳಿಗೆ ಮೈಲಿಗಟ್ಟಲೆ ಬಾಯಿಬಿಟ್ಟ ಎರಿ, ಆಮ್ಯಾಲ ಕೆಸರು,
ಆಮ್ಯಾಲ ಮೊಣಕಾಲ ಮಟ್ಟ ನೀರು.
ಎಂಜಿನ್ನು ದಂಡ್ಯಾಗ ಬಿಟ್ಟರ ಬೆಳಗಾಗೂದರಾಗ
ನಟ್ಟು ಸೈತ ಇರೂದಿಲ್ಲ.
ರೇಟು ಬೀಳೂದರಾಗ ಮೀನು ಮುಟ್ಟಿಸಬೇಕಂತ
ಗಂಡಸರು ಬುಟ್ಟಿ ಹೊತ್ತು ಓಡ್ತಾರ.
ಹಿಂದ ಉಳಿಯೂದು ಎಂಜಿನ್ನು ಮತ್ತ ನಾನು.

ಹನ್ನೊಂದು ಕೆಜಿ ಅಂದರ
ಸಣ್ಣ ಮಗಳು ದೇವಮ್ಮ, ಚಪ್ಪಲಿ ಬಿಟ್ಟು.

ಇನ್ನ ಆ ನೀರಿನ ತಳ. ಅತ್ತಿ ಬೆರಳು ಮಾಡಿ ತೋರಿಸ್ತಿದ್ದಳು:
ಇದು ಗೌಡರ ಕಣ, ಇದು ಬಾವಿ ಕಟ್ಟಿ, ಇಲ್ಲಿ ಹುಣಸಿ.
ಬ್ಯಾಸಗ್ಯಾಗ ಹುಣಸಿ ಬೊಡ್ಡಿ
ನೀರಿಗೆ ಒಂದು ಗೇಣು ತೆಳಗ ಕುಂತಿರ್ತೈತಿ,
ಪಂಖಾ ತಾಗಿದರ ಪಿನ್ನು ಟಕ್ ಅಂತ ಮುರೀತೈತಿ.
ಹೋದ ವರ್ಷ ಬಾಡಿಗಿ ಎಂಜಿನ್ನಿನ ಮೂರು ಪಿನ್ನು ತಿಂದೈತಿ ಅದು.
ಎಷ್ಟು ಸ್ಟ್ರೋಕು ಅಂತ ಕೇಳಿದ್ದಿಲ್ಲ.
ಅಲ್ಲಿ ಎಂಜಿನ್ನು ಎತ್ತಿ ಮಲಗಿಸಿ
ಗಳ ಹಾಕಾಕಿ ನಾನೇ.

ಹಳೇದರ ಪರವಾಗಿ ಒಂದು ಮಾತು ಹೇಳಬೇಕು.
ಮಳಿಗಾಲದಾಗ ನಾನು ದೋಣಿ ಹತ್ತೂದಿಲ್ಲ.
ಗಾಳಿ ಎದ್ದ ರಾತ್ರಿ ಅದರ ಒದರಾಟ ಮನಿತನಕ ಕೇಳ್ತೈತಿ,
ಎದ್ದು ಒಲಿ ಹಚ್ಚಬಹುದು.
ಹೊಸದು ಬಂದದ್ದೂ ತಿಳಿಯೂದಿಲ್ಲ,
ಬರದಿದ್ದದ್ದೂ ತಿಳಿಯೂದಿಲ್ಲ.

ಹೊಸದಕ್ಕೇ ರುಜು ಹಾಕಿದೆ. ಕರಾರಿನ ಮ್ಯಾಲ.
ಎಂಜಿನ್ನು ಬಿದಿರಿಗೆ ಕಟ್ಟಿ ಅಣ್ಣತಮ್ಮ ಹೊರಬೇಕು,
ಮೀನಿನ ಬುಟ್ಟಿ, ಮೀನಿನ ರೊಕ್ಕ ನನ್ನ ಕಡಿ.
ಮತ್ತ ಮಳಿಗಾಲದ ರಾತ್ರಿ, ಹುಣಸಿ ಇದ್ದ ಜಾಗ ದಾಟಿದ ಮ್ಯಾಲ,
ತಾಟು ಬಡೀಬೇಕು.
ಮೌಲಾಹುಸೇನ ನಕ್ಕ. ಬರಕೋ, ಅಂದೆ.
ರಸೀದಿ ಹಿಂದ ಬರಕೊಂಡ, ಗ್ರೀಸಿನ ಬೆರಳಚ್ಚಿನ ಸಮೇತ.

ಆ ತಾಟಿನ್ಯಾಗ ಈಗ ಯಾರೂ ಉಣ್ಣೂದಿಲ್ಲ,
ಸಾರು ನಿಲ್ಲೂದಿಲ್ಲ, ಅಷ್ಟು ತಗ್ಗು ಬಿದ್ದಾವ.